ತಾಯಿಯೊಡನೆ ಉಂಡ ತುತ್ತು

ಬರಗಾಲದಲ್ಲಿ ಹುಲ್ಲು ಒಣಗಿದಾಗ ಆಸ್ಟ್ರೇಲಿಯಾದ ಕುರಿಸಾಕಣೆಗಾರರು ಗೋಧಿಯನ್ನು ಸುರಿದರೂ, ಆ ಧಾನ್ಯವನ್ನೆಂದೂ ಕಾಣದ ಕುರಿಗಳು ಹಸಿವಿನಿಂದ ಕೃಶವಾಗುತ್ತ ಅದನ್ನು ಮುಟ್ಟದೆಯೇ ನಿಲ್ಲುವುದುಂಟು. ಇದನ್ನು ಪಶುವಿನ ಮೌಢ್ಯವೆಂದು ಬಗೆಯುವವರ ಮಾತಿಗೆ ನಾನು ಒಡಂಬಡಲಾರೆ. ಮರಿಗಳು ಇನ್ನೂ ಮೊಲೆಯುಣ್ಣುತ್ತಿರುವಾಗಲೇ ತಾಯಂದಿರೊಡನೆ ಕೆಲವು ದಿನ ಗೋಧಿಯನ್ನು ತಿಂದಿದ್ದರೆ, ಸುಮಾರು ಮೂರು ವರ್ಷಗಳ ತರುವಾಯವೂ ಅದನ್ನು ನೆನಪಿಟ್ಟು ಸ್ವೀಕರಿಸುವುವೆಂದು 1980ರ ದಶಕದಲ್ಲಿ ಅಲ್ಲಿಯ ಸಂಶೋಧಕರು ತೋರಿಸಿದರು. ತಾಯಿಯ ಸಾನ್ನಿಧ್ಯವಿಲ್ಲದೆ ಗೋಧಿಯನ್ನು ಕಂಡ ಮರಿಗಳು ಅಷ್ಟು ಚೆನ್ನಾಗಿ ಕಲಿಯಲಿಲ್ಲ.

ಈ ಶಿಕ್ಷಣವು ಜನನಕ್ಕೂ ಪೂರ್ವದಲ್ಲಿ ಆರಂಭವಾಗಬಲ್ಲುದೆಂಬುದು ಮತ್ತಷ್ಟು ವಿಸ್ಮಯಕರ. ಗರ್ಭಿಣಿ ಮೊಲಕ್ಕೆ ಜೂನಿಪರ್ ಹಣ್ಣನ್ನು ತಿನ್ನಿಸಿದರೆ, ಅದರ ಮರಿಗಳು ಹಾಲು ಬಿಡುವ ಹೊತ್ತಿಗೆ ಆ ಪರಿಮಳದ ಆಹಾರವನ್ನೇ ಆಯ್ದುಕೊಳ್ಳುವುವು. ಸಾವಿರ ಗಿಡಗಳ ನಡುವೆ ವಿಷವಾವುದೆಂದರಿಯದ ಎಳೆಯ ಜೀವಕ್ಕೆ, ತಾಯಿ ಉಂಡು ಬದುಕಿದುದಕ್ಕಿಂತ ವಿಶ್ವಸನೀಯವಾದ ಪ್ರಮಾಣ ಬೇರೆ ಯಾವುದುಂಟು?

ಆದುದರಿಂದ, ಮರಿಯನ್ನು ಬೇಗನೆ ತಾಯಿಯಿಂದಗಲಿಸಿ, ಒಂದೇ ಬಗೆಯ ಮೇವಿನಲ್ಲಿ ಬೆಳೆಸಿ, ಕಡೆಗೆ ಅಪರಿಚಿತವಾದ ಹುಲ್ಲುಗಾವಲಿಗೆ ಅಟ್ಟುವ ಪದ್ಧತಿಯು ನನಗೆ ಅನ್ಯಾಯವೆಂದೇ ತೋರುತ್ತದೆ. ಮುಂದೊಮ್ಮೆ ಅದಕ್ಕೆ ಬೇಕಾಗಬಹುದಾದ ಕಾಳನ್ನೂ ಮೇವನ್ನೂ ಮೊಲೆ ಬಿಡಿಸುವ ಮುನ್ನವೇ, ತಾಯಿಯ ಮಗ್ಗುಲಲ್ಲಿ, ಸ್ವಲ್ಪ ಸ್ವಲ್ಪವಾಗಿ ಉಣಿಸುವುದು ಪಶುಪಾಲಕನ ಕರ್ತವ್ಯ. ಅದಕ್ಕೆ ತಗಲುವ ವೆಚ್ಚ ಕೆಲವು ದಿನಗಳ ಧಾನ್ಯವಷ್ಟೆ.