ಬಿರುದಿಗೆ ಸಾಕ್ಷಿ ಯಾರು?

ಚಿಕ್ಕೋಡಿ ಸೀಮೆಯ ಯಕ್ಸಂಬಾ ಎಂದೊಡನೆ ಕುಸ್ತಿ ಬಲ್ಲವರಿಗೆ ನೆನಪಾಗುವ ಹೆಸರು ಶ್ರೀಪತಿ ಖಂಚನಾಳೆ. ಅಲ್ಲಿ ಹುಟ್ಟಿ, ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿ, 1959ರಲ್ಲಿ ಬಂತಾ ಸಿಂಗ್ ಅವರನ್ನು ಸೋಲಿಸಿ ‘ಹಿಂದ್ ಕೇಸರಿ’ ಎನಿಸಿಕೊಂಡ ಪೈಲ್ವಾನರು ಅವರು. 2020ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ, ಅಂದರೆ 60 ವರ್ಷಕ್ಕೂ ಮಿಕ್ಕಿ, ಆ ಬಿರುದು ಅವರ ಹೆಸರಿನ ಜೊತೆಗೇ ನಡೆಯಿತು. ಅಂಥ ಬಿರುದಿಗೆ ಪ್ರಮಾಣಪತ್ರ ಕೇಳುವ ಪ್ರಮೇಯ ಬರುವುದಿಲ್ಲ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಕಣದ ಸುತ್ತ ಕುಳಿತ ಸಾವಿರಾರು ಕಣ್ಣುಗಳು ನೋಡಿರುತ್ತವೆ. ಗದೆಗೆ ತೂಕ ಬರುವುದು ಬೆಳ್ಳಿಯಿಂದಲ್ಲ, ಆ ಕಣ್ಣುಗಳಿಂದ.

ಬಿರುದು ಬಾವಲಿಗಳ ಆಸೆ ಮನುಷ್ಯನಿಗೆ ಹೊಸದಲ್ಲ. ಹಿಂದಿನ ಅರಸರು ವೀರನ ಕಾಲಿಗೆ ಗಂಡಪೆಂಡೇರ ತೊಡಿಸುತ್ತಿದ್ದರು. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನ ಕೈಗೆ ಬೆಳ್ಳಿಯ ಕಡಗ ಏರುತ್ತಿತ್ತು. ಈಗ ಕಣ ಮೊಬೈಲಿನೊಳಕ್ಕೆ ಬಂದಿದೆ. ನಿಪ್ಪಾಣಿಯ ಹುಡುಗ ರಾತ್ರಿ ಹನ್ನೊಂದಕ್ಕೆ ಯಾವುದೋ ದೇಶದ ಅಪರಿಚಿತನೊಡನೆ ಚದುರಂಗ ಆಡುತ್ತಾನೆ. ರಾಯಬಾಗದ ಹುಡುಗಿ ತೋಟದಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಅಂತರ್ಜಾಲಕ್ಕೆ ಏರಿಸುತ್ತಾಳೆ. ಅಥಣಿಯ ವ್ಯಾಪಾರಿ ನಕ್ಷೆಯಲ್ಲಿ ಅಂಗಡಿಗಳ ಫೋಟೋ ಹಾಕುತ್ತಾನೆ. ಮೂವರ ಹೆಸರಿನ ಮುಂದೆಯೂ ಒಂದು ಅಂಕಿಯೋ, ನಕ್ಷತ್ರವೋ, ಬಣ್ಣದ ಬಿಲ್ಲೆಯೋ ಕಾಣಿಸಿಕೊಳ್ಳುತ್ತದೆ. ‘ಇದರಿಂದ ಹೊಟ್ಟೆ ತುಂಬುತ್ತದೇನು?’ ಎಂದು ಮನೆಯ ಹಿರಿಯರು ಗದರುತ್ತಾರೆ. ಕಿರಿಯರು ಅದನ್ನೇ ಗೆಳೆಯರಿಗೆಲ್ಲ ತೋರಿಸಿ ಬೀಗುತ್ತಾರೆ.

ಇಬ್ಬರದೂ ಅರ್ಧ ಸತ್ಯ. ಬಿಲ್ಲೆ ಅಂದಮಾತ್ರಕ್ಕೆ ಎಲ್ಲ ಬಿಲ್ಲೆಯೂ ಒಂದೇ ಅಲ್ಲ. ತಕ್ಕಡಿ, ಅಳತೆಗೋಲು, ಥರ್ಮಾಮೀಟರು ಮೂರೂ ಅಳೆಯುವ ಸಾಧನಗಳೇ. ಆದರೆ ಜ್ವರ ನೋಡಲು ಯಾರೂ ತಕ್ಕಡಿ ತರುವುದಿಲ್ಲ. ಯಾವುದೇ ಬಿಲ್ಲೆಯ ಬೆಲೆ ತಿಳಿಯಲು ಎರಡು ಪ್ರಶ್ನೆ ಸಾಕು. ಇದು ಏನನ್ನು ಅಳೆಯುತ್ತದೆ? ಇದಕ್ಕೆ ಸಾಕ್ಷಿ ಯಾರು?

ಮೊದಲನೆಯದು ಬರೀ ಎಣಿಕೆಯ ಬಿಲ್ಲೆ. ಗೂಗಲ್ ನಕ್ಷೆಯ ‘ಲೋಕಲ್ ಗೈಡ್’ ವ್ಯವಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಂಗಡಿಯ ಬಗ್ಗೆ ಅಭಿಪ್ರಾಯ ಬರೆದರೆ ಇಷ್ಟು ಅಂಕ, ಫೋಟೋ ಹಾಕಿದರೆ ಇಷ್ಟು ಅಂಕ ಎಂದು ಕೂಡುತ್ತಾ ಹೋಗಿ, 250 ಅಂಕಕ್ಕೆ ನಾಲ್ಕನೆಯ ಮೆಟ್ಟಿಲು, 1 ಲಕ್ಷ ಅಂಕಕ್ಕೆ ಹತ್ತನೆಯ ಮೆಟ್ಟಿಲು. ಇಲ್ಲಿ ಸಾಕ್ಷಿ ಎಂದರೆ ಎಣಿಸುವ ಯಂತ್ರ ಮಾತ್ರ. ಹಳ್ಳಿಯ ಹೆಸರನ್ನು ಸರಿಯಾಗಿ ತಿದ್ದಿದವನಿಗೂ ಅಂಕ, ಒಂದೇ ಹೋಟೆಲಿನ ಇಡ್ಲಿಯ ಫೋಟೋವನ್ನು ಇಪ್ಪತ್ತು ಕೋನದಿಂದ ತೆಗೆದವನಿಗೂ ಅಂಕ. ಈ ಬಿಲ್ಲೆ ಸುಳ್ಳು ಹೇಳುವುದಿಲ್ಲ. ಆದರೆ ‘ಇವನು ಬಹಳ ಮಾಡಿದ್ದಾನೆ’ ಎಂದಷ್ಟೇ ಹೇಳುತ್ತದೆ, ‘ಚೆನ್ನಾಗಿ ಮಾಡಿದ್ದಾನೆ’ ಎಂದು ಹೇಳುವುದಿಲ್ಲ.

ಎರಡನೆಯದು ಅಳತೆಯ ಅಂಕಿ. ಚದುರಂಗದ ರೇಟಿಂಗ್ ಈ ಜಾತಿಯದು. ಇದನ್ನು ರೂಪಿಸಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಅರ್ಪಾದ್ ಎಲೋ. ಅಮೆರಿಕದ ಚದುರಂಗ ಒಕ್ಕೂಟ 1960ರಲ್ಲಿ, ವಿಶ್ವ ಚದುರಂಗ ಒಕ್ಕೂಟವಾದ ಫಿಡೆ 1970ರಲ್ಲಿ ಇವರ ಲೆಕ್ಕವನ್ನು ಒಪ್ಪಿಕೊಂಡವು. ತತ್ತ್ವ ಸರಳ. ಇಬ್ಬರ ನಡುವೆ 200 ಅಂಕದ ಅಂತರವಿದ್ದರೆ ಮೇಲಿನವನು ನಾಲ್ಕು ಆಟದಲ್ಲಿ ಸುಮಾರು ಮೂರು ಪಾಯಿಂಟ್ ಗಳಿಸಬೇಕು ಎಂಬುದು ನಿರೀಕ್ಷೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದರೆ ಅಂಕ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ದುರ್ಬಲನನ್ನು ನೂರು ಸಲ ಸೋಲಿಸಿದರೂ ಲಾಭ ಅಲ್ಪ. ಅವನ ಕೈಯಲ್ಲಿ ಒಮ್ಮೆ ಸೋತರೆ ನಷ್ಟ ದೊಡ್ಡದು. ಅಂತರ್ಜಾಲದ ಚದುರಂಗ ತಾಣಗಳೂ ಇದೇ ತತ್ತ್ವದ ಸುಧಾರಿತ ಲೆಕ್ಕವನ್ನು ಬಳಸುತ್ತವೆ.

ಇಳಿಯಬಲ್ಲದು ಎಂಬುದೇ ಈ ಅಂಕಿಯ ದೊಡ್ಡ ಗುಣ. ಏರುವುದನ್ನಷ್ಟೇ ಬಲ್ಲ ಥರ್ಮಾಮೀಟರನ್ನು ಯಾವ ವೈದ್ಯರು ನಂಬಿಯಾರು? ಆದರೂ ಎರಡು ಎಚ್ಚರಿಕೆ ಬೇಕು. ಒಂದು ತಾಣದ 1800 ಇನ್ನೊಂದು ತಾಣದ 1800 ಅಲ್ಲ, ಫಿಡೆಯ 1800 ಅಂತೂ ಅಲ್ಲವೇ ಅಲ್ಲ. ಸೇರು ಬೇರೆಯಾದರೆ ಅಳತೆಯೂ ಬೇರೆ. ಎರಡನೆಯದಾಗಿ, ಪಕ್ಕದಲ್ಲಿ ಗಣಕಯಂತ್ರ ಇಟ್ಟುಕೊಂಡು ನಡೆ ಕದಿಯುವವರೂ ಇದ್ದಾರೆ. ಅವರನ್ನು ಪತ್ತೆಹಚ್ಚಿ ಹೊರಹಾಕುವುದು ತಾಣಗಳಿಗೆ ನಿತ್ಯದ ಕೆಲಸವಾಗಿದೆ. ಅದಕ್ಕೇ ಅಂತಿಮ ಬಿರುದು ಈಗಲೂ ಎದುರುಬದುರು ಕುಳಿತು ಆಡಿದವರಿಗೇ. 2017ರಲ್ಲಿ ಮೈಸೂರಿನ ಎಂ. ಎಸ್. ತೇಜಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆ ಪಟ್ಟಕ್ಕೆ ಕಠಿಣ ಪಂದ್ಯಾವಳಿಗಳಲ್ಲಿ ನಿಗದಿತ ಸಾಧನೆ ತೋರಿಸುವುದರ ಜೊತೆಗೆ 2500ರ ರೇಟಿಂಗನ್ನೂ ಮುಟ್ಟಿರಬೇಕು. ಮುಂದೆ ರೇಟಿಂಗ್ ಇಳಿದರೂ ಪಟ್ಟ ಉಳಿಯುತ್ತದೆ. ಪಟ್ಟ ಮುಟ್ಟಿದ ಎತ್ತರವನ್ನು ಹೇಳುತ್ತದೆ, ರೇಟಿಂಗ್ ಇಂದು ನಿಂತಿರುವ ಜಾಗವನ್ನು ಹೇಳುತ್ತದೆ.

ಮೂರನೆಯದು ಹೊಣೆ ಹೊರಿಸುವ ಮೆಟ್ಟಿಲು. ಎಂಜಿನಿಯರಿಂಗ್ ಓದುವವರಿಗೆ ‘ಸ್ಟ್ಯಾಕ್ ಓವರ್‌ಫ್ಲೋ’ ಪರಿಚಿತ. 2008ರಲ್ಲಿ ಆರಂಭವಾದ ಈ ತಾಣದಲ್ಲಿ ಪ್ರೋಗ್ರಾಂ ಬರೆಯುವವರು ಪರಸ್ಪರರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಉತ್ತರ ಉಪಯುಕ್ತವೆಂದು ಬೇರೆಯವರು ಒಪ್ಪಿದಾಗ ಅಂಕ ಬರುತ್ತದೆ. ಅಂಕ ಏರಿದಂತೆ ಮತ ಹಾಕುವ, ಬೇರೆಯವರ ಬರಹ ತಿದ್ದುವ ಅಧಿಕಾರ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಹೊಸದಾಗಿ ಬಂದವನ ಕೈಗೆ ಮೊದಲ ದಿನವೇ ಬೀಗದ ಕೈ ಕೊಡದೆ, ನಂಬಿಕೆ ಬಂದಂತೆಲ್ಲ ಒಂದೊಂದು ಕೋಣೆಯ ಕೈ ಕೊಡುವ ಜಾಣತನ ಇದು. ಇಂಥ ದರ್ಜೆ ಅಲಂಕಾರವಲ್ಲ, ಕೆಲಸದ ಹಂಚಿಕೆ.

ನಾಲ್ಕನೆಯದು ಸಹಪಾಠಿಯ ಶಹಬ್ಬಾಸ್‌ಗಿರಿ. ವಿಕಿಪೀಡಿಯದಲ್ಲಿ ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರದ ಚಿತ್ರವೊಂದಿದೆ. ಅದನ್ನು ಯಂತ್ರ ಕೊಡುವುದಿಲ್ಲ. ಒಬ್ಬ ಬರಹಗಾರ ಇನ್ನೊಬ್ಬನ ಕೆಲಸ ಮೆಚ್ಚಿ, ಎರಡು ಸಾಲು ಬರೆದು, ಅವನ ಪುಟದಲ್ಲಿ ಅಂಟಿಸುತ್ತಾನೆ. ಕಾಸಿನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಆದರೆ 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯೇ ಲೆಕ್ಕ ತೋರಿಸಿತು. ರೆಸ್ಟಿವೊ ಮತ್ತು ವಾನ್ ಡೆ ರೈಟ್ ಎಂಬ ಸಂಶೋಧಕರು ಇಂಗ್ಲಿಷ್ ವಿಕಿಪೀಡಿಯದ ಅತಿ ಶ್ರಮಶೀಲರಲ್ಲಿ 200 ಜನರನ್ನು ಆರಿಸಿದರು. ಚೀಟಿ ಎತ್ತಿದಂತೆ ಅರ್ಧ ಜನರಿಗೆ ಈ ನಕ್ಷತ್ರ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮುಂದಿನ 90 ದಿನಗಳಲ್ಲಿ ನಕ್ಷತ್ರ ಪಡೆದವರ ಕೆಲಸ ಪಡೆಯದವರಿಗಿಂತ ಶೇ 60ರಷ್ಟು ಹೆಚ್ಚಾಗಿತ್ತು! ‘ಯಾರೋ ಗಮನಿಸಿದ್ದಾರೆ’ ಎಂಬ ಒಂದು ಅರಿವಿಗೆ ಇಷ್ಟು ಶಕ್ತಿ.

ಹಾಗಾದರೆ ಎಲ್ಲರಿಗೂ ಧಾರಾಳವಾಗಿ ಬಿಲ್ಲೆ ಹಂಚಿದರೆ ಆಯಿತಲ್ಲ ಎನ್ನಬಹುದು. ಅಲ್ಲಿಯೇ ತೊಡಕಿರುವುದು. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ. ಕೆಲವು ದಿನ ಕಳೆದು, ಬಹುಮಾನದ ಮಾತೇ ಇಲ್ಲದ ಆಟದ ಹೊತ್ತಿನಲ್ಲಿ ಮಕ್ಕಳನ್ನು ಗಮನಿಸಿದರು. ಆಸೆ ತೋರಿಸಿದ ಗುಂಪಿನ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿಗೆ ಮಾತ್ರ ಕುಂದು ಬಂದಿರಲಿಲ್ಲ. ಪತ್ರ ಅದೇ, ಕಾಗದ ಅದೇ. ಒಂದು ಕಡೆ ಅದು ಮೆಚ್ಚುಗೆಯಾಯಿತು, ಇನ್ನೊಂದು ಕಡೆ ಕೂಲಿಯಾಯಿತು. ಕೂಲಿ ನಿಂತ ದಿನ ಕೆಲಸವೂ ನಿಂತಿತು.

ದೊಡ್ಡವರೂ ಇದಕ್ಕೆ ಹೊರತಲ್ಲ. ಸ್ಟ್ಯಾಕ್ ಓವರ್‌ಫ್ಲೋ ಬಳಕೆದಾರರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಲ್ಲೆ ಸಮೀಪಿಸಿದಂತೆ ಜನ ಚುರುಕಾಗುವುದನ್ನೂ ಅದು ಕೈಗೆ ಸಿಕ್ಕ ಮೇಲೆ ಆ ಚುರುಕು ಇಳಿಯುವುದನ್ನೂ ಗುರುತಿಸಿತು. ಹುಲ್ಲಿನ ಕಂತೆ ಕಂಡಾಗ ಎತ್ತು ಓಡುತ್ತದೆ, ನಿಜ. ಆದರೆ ಅದು ದಾರಿಯ ಮೇಲಿನ ಪ್ರೀತಿಯಿಂದ ಓಡುವುದಿಲ್ಲ.

ಇದೆಲ್ಲ ಹುಡುಗರ ಆಟದ ವಿಷಯ, ಏನಾದರೇನು ಎಂದು ಕೈಬಿಡುವಂತೆಯೂ ಇಲ್ಲ. ಹವ್ಯಾಸಿಗಳ ಕೆಲಸ ಇಂದು ದೇಶದ ಜ್ಞಾನವಾಗುತ್ತಿದೆ. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಇ-ಬರ್ಡ್’ ತಾಣದಲ್ಲಿ ಯಾರು ಬೇಕಾದರೂ ಕಂಡ ಹಕ್ಕಿಗಳನ್ನು ದಾಖಲಿಸಬಹುದು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿ ನಿಂತಿರುವುದು ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳ ಮೇಲೆ. ಅದರಲ್ಲಿ 942 ಜಾತಿಯ ಹಕ್ಕಿಗಳ ಪರಿಶೀಲನೆ ಇದೆ. ರಾಯಬಾಗ, ಚಿಕ್ಕೋಡಿಗಳಿಗೆ ದೂರವಲ್ಲದ ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ದೂರದ ನಾಡುಗಳಿಂದ ಡೆಮೊಯಿಸೆಲ್ ಕ್ರೇನ್ ಹಕ್ಕಿಗಳು ಬರುವ ತಾಣವೆಂದು ಅದಕ್ಕೆ ಹೆಸರು. ಕೃಷ್ಣೆ ಮತ್ತು ದೂಧಗಂಗೆಯ ದಂಡೆಯ ಕಬ್ಬಿನ ಗದ್ದೆಗಳಲ್ಲಿ ಯಾವ ಹಕ್ಕಿ ಉಳಿದಿದೆ, ಯಾವುದು ಕಾಣೆಯಾಗುತ್ತಿದೆ ಎಂಬುದನ್ನು ನಿತ್ಯ ಬರೆದಿಡಲು ದಿಲ್ಲಿಯಿಂದ ಯಾರೂ ಬರುವುದಿಲ್ಲ. ಬರೆಯಬೇಕಾದವರು ಇಲ್ಲಿಯ ಹವ್ಯಾಸಿಗಳೇ.

ಇ-ಬರ್ಡ್‌ನಲ್ಲೂ ಯಾರು ಎಷ್ಟು ಜಾತಿಯ ಹಕ್ಕಿ ಕಂಡರು ಎಂಬ ಶ್ರೇಯಾಂಕದ ಪಟ್ಟಿ ಇದೆ. ಆ ಪಟ್ಟಿ ಬೆಳಗಿನ ಜಾವ ಒಬ್ಬನನ್ನು ಹಾಸಿಗೆಯಿಂದ ಎಬ್ಬಿಸಿ ನದಿಯ ದಂಡೆಗೆ ಕಳಿಸಿದರೆ ಅದು ಮಾಡಿದ್ದು ಒಳ್ಳೆಯ ಕೆಲಸವೇ. ಅದೇ ಪಟ್ಟಿ, ಕಾಣದ ಹಕ್ಕಿಯನ್ನು ಕಂಡೆನೆಂದು ಬರೆಯುವ ಆಸೆ ಹುಟ್ಟಿಸಿದರೆ? ಒಂದು ಸುಳ್ಳು ನಮೂದಿನಿಂದ ಅವನ ಸ್ಥಾನ ಒಂದು ಮೆಟ್ಟಿಲು ಏರಬಹುದು. ಆದರೆ ಕಾಣೆಯಾಗುತ್ತಿರುವ ಹಕ್ಕಿ ಕಾಗದದ ಮೇಲೆ ಬದುಕಿಯೇ ಇರುತ್ತದೆ, ಅದನ್ನು ಉಳಿಸಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಅದಕ್ಕೇ ಅಲ್ಲಿ ಅಸಹಜ ದಾಖಲೆಗಳನ್ನು ಯಂತ್ರ ಮೊದಲು ಗುರುತು ಹಾಕುತ್ತದೆ, ಆಮೇಲೆ ಆ ಪ್ರದೇಶ ಬಲ್ಲ ಸ್ವಯಂಸೇವಕರು ‘ಎಲ್ಲಿ, ಹೇಗೆ ಕಂಡಿರಿ, ಫೋಟೋ ಇದೆಯೇ’ ಎಂದು ವಿಚಾರಿಸುತ್ತಾರೆ. ಕುಸ್ತಿ ಕಣದ ಸುತ್ತಲಿನ ಕಣ್ಣುಗಳ ಕೆಲಸವನ್ನು ಇಲ್ಲಿ ಅವರು ಮಾಡುತ್ತಾರೆ.

ಮಕ್ಕಳು ಮೊಬೈಲಿನಲ್ಲಿ ಬಿಲ್ಲೆ ತೋರಿಸಿದಾಗ ಹಿರಿಯರು ಗದರುವುದೂ ಬೇಡ, ಹಾಡಿ ಹೊಗಳುವುದೂ ಬೇಡ. ‘ಇದಕ್ಕಾಗಿ ಏನು ಮಾಡಿದೆ? ತೋರಿಸು’ ಎಂದರೆ ಸಾಕು. ಚದುರಂಗದ ಹುಡುಗ ತಾನು ಸೋತ ಒಂದು ಆಟವನ್ನು ಹಲಗೆಯ ಮೇಲೆ ಮತ್ತೆ ಜೋಡಿಸಿ ಎಲ್ಲಿ ತಪ್ಪಿದೆನೆಂದು ವಿವರಿಸಬಲ್ಲನಾದರೆ ಅವನ ಅಂಕಿಗೆ ಅರ್ಥವಿದೆ. ಹಕ್ಕಿಯ ಹುಡುಗಿ ಪಟ್ಟಿಯಲ್ಲಿರುವ ಹಕ್ಕಿಯ ಕೂಗನ್ನು ಕಣ್ಣು ಮುಚ್ಚಿ ಗುರುತಿಸಬಲ್ಲಳಾದರೆ ಶ್ರೇಯಾಂಕ ಎಷ್ಟೇ ಇರಲಿ, ಚಿಂತೆಯಿಲ್ಲ. ಉತ್ತರವೇ ಬಾರದೆ, ‘ಇನ್ನು ಹತ್ತು ಅಂಕಕ್ಕೆ ಮುಂದಿನ ನಕ್ಷತ್ರ’ ಎಂಬ ಮಾತಷ್ಟೇ ಬಂದರೆ, ಅಲ್ಲಿ ಹವ್ಯಾಸ ಮುಗಿದು ಚಟ ಶುರುವಾಗಿದೆ ಎಂದು ತಿಳಿಯಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದ್ದು.

ಶಾಲೆಗಳಿಗೂ ಇದರಲ್ಲಿ ಪಾಠವಿದೆ. ವಿಜ್ಞಾನ ಮೇಳಕ್ಕೆ ಬಂದವರಿಗೆಲ್ಲ ಪ್ರಮಾಣಪತ್ರ ಎಂದು ಮೊದಲೇ ಸಾರುವುದಕ್ಕಿಂತ, ಒಂದು ಮಗು ವಾರಗಟ್ಟಲೆ ಮಳೆಯ ಅಳತೆ ಬರೆದಿಟ್ಟದ್ದನ್ನು ಗಮನಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ನಾಲ್ಕು ಮಾತು ಆಡುವುದು ಹೆಚ್ಚು ದೂರ ಹೋಗುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಮಾಡುವ ಕೆಲಸಕ್ಕಂತೂ ಕೊರತೆಯಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ನಿಪ್ಪಾಣಿ, ಕಾಗವಾಡಗಳು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಅವುಗಳ ಹಳ್ಳಿಗಳ ವಿವರವನ್ನು ಊರು ಬಲ್ಲವರೇ ಸರಿಯಾಗಿ ಬರೆಯಬಲ್ಲರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ಜೊತೆಗೆ ಬೆಳಗಾವಿ ಜಿಲ್ಲೆಯ ಹೆಸರೂ ಸೇರಿತು. ಆದರೆ ಅಥಣಿಯಲ್ಲಿ ಚರ್ಮ ಹದ ಮಾಡುವುದರಿಂದ ಹಿಡಿದು ಹೆಣಿಗೆ ಹಾಕುವವರೆಗೆ ಯಾವ ಯಾವ ಹಂತಕ್ಕೆ ಯಾವ ಯಾವ ಕನ್ನಡ ಮಾತುಗಳಿವೆ ಎಂಬುದನ್ನು ಕುಶಲಕರ್ಮಿಗಳ ಪಕ್ಕ ಕುಳಿತು ಕೇಳಿಯೇ ಬರೆದುಕೊಳ್ಳಬೇಕು. ಬರೆದವನಿಗೆ ಯಾರಾದರೂ ಒಂದು ನಕ್ಷತ್ರ ಅಂಟಿಸಿದರೆ ಸಂತೋಷ. ಅಂಟಿಸದಿದ್ದರೂ ಆ ಮಾತುಗಳು ಉಳಿಯುತ್ತವೆ.