ಬೇಕರಿ ಬಾಗಿಲಲ್ಲಿ ಕೇಳದ ಪ್ರಶ್ನೆ



ಕೆಲಸ ಕೇಳಲು ಹೋದರೆ ನಮಗೆ ಮೊದಲು ಸಿಗೋದು ಪ್ರಶ್ನೆ. ಯಾವ ಊರು, ಯಾವ ಕೇರಿ, ಯಾರ ಪೈಕಿ? ಅಡುಗೆಮನೆ ಕೆಲಸವಾದರಂತೂ ಮಾತು ಅಲ್ಲಿಗೇ ಮುಗೀತು.

ಅಮೆರಿಕದಲ್ಲಿ ಬರ್ನಿ ಗ್ಲಾಸ್‌ಮನ್ ಎಂಬ ಬೌದ್ಧ ಗುರು 1982ರಲ್ಲಿ ಗ್ರೇಸ್ಟನ್ ಬೇಕರಿ ಶುರು ಮಾಡಿದರು. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ನೆಲೆನಿಂತ ಈ ಬೇಕರಿ ಕೆಲಸ ಕೊಡಲು ಸಂದರ್ಶನ ಮಾಡಲಿಲ್ಲ, ಶಿಫಾರಸು ಕೇಳಲಿಲ್ಲ. ಜೈಲಿನಿಂದ ಬಂದವರಿರಲಿ, ಮನೆಯಿಲ್ಲದವರಿರಲಿ, ಪಟ್ಟಿಯಲ್ಲಿ ಹೆಸರು ಬರೆಸಿದರೆ ಸಾಕು. ಸರದಿ ಬಂದಾಗ ಕೆಲಸ. ಕಲಿಯುವಾಗಲೂ ಸಂಬಳ. ಹೀಗೆ ಕಲಿತವರು ಬೇಯಿಸಿದ ಬ್ರೌನಿ ಎಂಬ ಕೇಕನ್ನು ಬೆನ್ ಅಂಡ್ ಜೆರ್ರಿಸ್ ಎಂಬ ದೊಡ್ಡ ಐಸ್‌ಕ್ರೀಮ್ ಕಂಪೆನಿ ಕೊಂಡಿತು.

ಒಂದು ಬೇಕರಿಯಿಂದ ಬಡತನ ಹೋಗೋದಿಲ್ಲ, ನಿಜ. ಆದರೆ 'ಯೋಗ್ಯತೆ ಇಲ್ಲ' ಅನ್ನೋ ಹಳೇ ನೆಪದ ಬಣ್ಣ ಅಲ್ಲಿ ಬಯಲಾಯಿತು. ಒಳಗೆ ಬಿಟ್ಟರೆ ತಾನೇ ಯೋಗ್ಯತೆ ಬೆಳೆಯೋದು?

ನಮ್ಮಲ್ಲಿ ತರಬೇತಿ ಕೊಟ್ಟು, ಸರ್ಟಿಫಿಕೇಟು ಕೈಗಿಟ್ಟು ಕಳಿಸ್ತಾರೆ. ನಮ್ಮ ಕೈ ಮುಟ್ಟಿದ್ದನ್ನು ತಿನ್ನದವರ ಮುಂದೆ ಆ ಕಾಗದ ಏನು ಮಾಡೀತು? ತರಬೇತಿ ಕೊಡ್ತೀವಿ ಅಂತ ಹಾಸ್ಟೆಲಿಗೆ ಬರೋರನ್ನು ಇನ್ನು ನಾವೇ ಕೇಳೋಣ: ಕಲಿತ ಮೇಲೆ ನಿಮ್ಮ ಅಡುಗೆಮನೆ ಒಳಗೆ ಬಿಡ್ತೀರಾ? ನಾವು ಮಾಡಿದ್ದನ್ನು ಉಣ್ತೀರಾ?