ಎರಡು ನಿಮಿಷಕ್ಕೊಂದು ಸಹಿ

ತಿಂಗಳಿಗೆ 7,500ರಿಂದ 9,000 ಫೋನ್ ಕದ್ದಾಲಿಕೆ ಆದೇಶ. ಕೇಂದ್ರ ಗೃಹ ಇಲಾಖೆಯೇ ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಲೆಕ್ಕ ಇದು. ಹತ್ತು ವರ್ಷಕ್ಕೂ ಹಳೆಯದು. ಹಳ್ಳಿಯ ಅಂಗಡಿಯಲ್ಲೂ ಸ್ಮಾರ್ಟ್‌ಫೋನ್ ಕಾಣುವ ಕಾಲ ಆಗಿನ್ನೂ ಬಂದಿರಲಿಲ್ಲ. ಬೇರೆ ದಾರಿಯೇ ಇಲ್ಲವೆಂದು ಮನವರಿಕೆಯಾದ ಮೇಲಷ್ಟೇ ಗೃಹ ಕಾರ್ಯದರ್ಶಿ ಇಂಥ ಆದೇಶಕ್ಕೆ ಸಹಿ ಹಾಕಬೇಕೆಂದು ನಿಯಮ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಭಾನುವಾರವನ್ನೂ ಬಿಡದೆ, ದಿನಕ್ಕೆ ಎಂಟು ಗಂಟೆ, ಬೇರೆ ಯಾವ ಕೆಲಸವನ್ನೂ ಮುಟ್ಟದೆ ಕೂತರೂ ಒಂದು ಫೈಲಿಗೆ ಎರಡು ನಿಮಿಷ ದಕ್ಕುವುದಿಲ್ಲ. ಇನ್ನು ಇವನ್ನೆಲ್ಲ ಪರಿಶೀಲಿಸುವ ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಒಂದೊಂದು ಸಭೆಯಲ್ಲಿ ಅದು 15,000ದಿಂದ 18,000 ಆದೇಶ ನೋಡಬೇಕಾಗುತ್ತದೆ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲೇ ಬರೆಯಿತು. ಕೇಳುವವರು ಅಧಿಕಾರಿಗಳು, ಕೊಡುವವರು ಅಧಿಕಾರಿಗಳು, ಸರಿಯಾಯಿತೇ ಎಂದು ನೋಡುವವರೂ ಅಧಿಕಾರಿಗಳೇ. ಎಲ್ಲೂ ಒಬ್ಬ ನ್ಯಾಯಾಧೀಶನಿಲ್ಲ. ಇದನ್ನು ದೇಶದ ಭದ್ರತೆ ಅನ್ನುತ್ತಾರೆ. ಓದದೆ ಸಹಿ ಹಾಕುವ ಚಾಳಿಗೆ ಎಂಥ ದೊಡ್ಡ ಹೆಸರು!

ನಮ್ಮ ರಾಜ್ಯದವರೇನೂ ಸಾಚಾಗಳಲ್ಲ. 1988ರಲ್ಲಿ ಕದ್ದಾಲಿಕೆ ಹಗರಣದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿಳಿದರು. ಆವತ್ತು ಕನಿಷ್ಠ ನಾಚಿಕೆ ಎಂಬುದೊಂದಿತ್ತು. 2019ಕ್ಕೆ ಬನ್ನಿ. ಮೈತ್ರಿ ಸರ್ಕಾರ ಅಲ್ಲಾಡುತ್ತಿದ್ದ ಹೊತ್ತಿನಲ್ಲಿ ಉಪಮುಖ್ಯಮಂತ್ರಿ ಜಿ. ಪರಮೇಶ್ವರ್ ಅವರ ನಂಬರು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಪೆಗಾಸಸ್ ಎಂಬ ಬೇಹು ತಂತ್ರಾಂಶದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವು ಎಂದು 2021ರ ಜುಲೈನಲ್ಲಿ ಪತ್ರಿಕೆಗಳು ಬಯಲಿಗಿಟ್ಟವು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿನೊಳಗೆ ಹೊಕ್ಕಿದ್ದರು ಎಂದಾಗುವುದಿಲ್ಲ, ಒಪ್ಪೋಣ. ಆದರೆ ಅದೇ ಮೈತ್ರಿ ಸರ್ಕಾರವೂ ಫೋನು ಕದ್ದು ಕೇಳಿಸಿತ್ತು ಎಂಬ ಆರೋಪ ಎದ್ದು, ಯಡಿಯೂರಪ್ಪ ಬಂದ ಕೂಡಲೇ ಅದನ್ನು ಸಿಬಿಐಗೆ ಒಪ್ಪಿಸಿದರು. ಯಾರ ಫೋನು ಯಾರ ಕಿವಿಯಲ್ಲಿತ್ತು ಎಂದು ಮತದಾರನಿಗೆ ಇವತ್ತಿಗೂ ಯಾರೂ ನೆಟ್ಟಗೆ ಹೇಳಿಲ್ಲ.

ಪೆಗಾಸಸ್ ತಯಾರಿಸಿದ ಇಸ್ರೇಲಿನ ಎನ್‌ಎಸ್‌ಒ ಕಂಪನಿ, ತಾನು ಸರ್ಕಾರಗಳಿಗೆ ಮಾತ್ರ ಮಾರುವುದು ಎನ್ನುತ್ತದೆ. ಹಾಗಾದರೆ ಕೊಂಡವರು ಯಾರು? ದೆಹಲಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯಲ್ಲಿ ಸಮಿತಿ ಮಾಡಿತು. 29 ಫೋನುಗಳಲ್ಲಿ ಐದರಲ್ಲಿ ಏನೋ ಕುತಂತ್ರಾಂಶ ಸಿಕ್ಕಿತು, ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ, ಸರ್ಕಾರ ಸಹಕರಿಸಲಿಲ್ಲ. 2022ರ ಆಗಸ್ಟಿನಲ್ಲಿ ಕೋರ್ಟಿನಲ್ಲಿ ಹೊರಬಿದ್ದದ್ದು ಇಷ್ಟು. ವರದಿ ಮುಚ್ಚಿದ ಲಕೋಟೆಗೆ ಹೋಯಿತು. ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ, ವಾಟ್ಸ್ಆ್ಯಪ್ ಹೂಡಿದ ಮೊಕದ್ದಮೆಯಲ್ಲಿ, ಎನ್‌ಎಸ್‌ಒ ತಪ್ಪಿತಸ್ಥ ಎಂದಿತು. ಒಂದು ಕಂಪನಿಗೆ ಸಿಕ್ಕ ನ್ಯಾಯ ಈ ದೇಶದ ಪ್ರಜೆಗೆ ಸಿಗಲಿಲ್ಲ.

ಇದೆಲ್ಲ ರಾಜಕಾರಣಿಗಳ ಜಗಳ, ನಮಗೇನು ಅನ್ನುವವರು ಸ್ಟ್ಯಾನ್ ಸ್ವಾಮಿಯವರನ್ನು ನೆನೆಯಲಿ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ವರ್ಷಗಟ್ಟಲೆ ನಡೆಸಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದ ಪಾದ್ರಿ. 2020ರ ಅಕ್ಟೋಬರಿನಲ್ಲಿ, 83ನೆಯ ವಯಸ್ಸಿನಲ್ಲಿ, ಭೀಮಾ ಕೋರೆಗಾಂವ್ ಹಿಂಸಾಚಾರ ಪ್ರಕರಣದಲ್ಲಿ ರಾಂಚಿಯಿಂದ ಹಿಡಿದೊಯ್ದರು. ಪಾರ್ಕಿನ್ಸನ್ ಕಾಯಿಲೆ, ಕೈ ನಡುಗಿ ಲೋಟ ನಿಲ್ಲುತ್ತಿರಲಿಲ್ಲ. ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) 20 ದಿನ ಕೇಳಿತು! ಫೋನು ಕದ್ದು ಕೇಳುವ ಅಪ್ಪಣೆಗೆ ಎರಡು ನಿಮಿಷ, ಮುದುಕನ ನೀರಿನ ಕೊಳವೆಗೆ ಇಪ್ಪತ್ತು ದಿನ. 2021ರ ಜುಲೈ 5ರಂದು, ಜಾಮೀನಿನ ವಿಚಾರಣೆ ಬಾಕಿಯಿದ್ದಾಗಲೇ, ಮುಂಬೈನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಡಿಜಿಟಲ್ ವಿಧಿವಿಜ್ಞಾನ ಸಂಸ್ಥೆ ಆರ್ಸೆನಲ್ ಕನ್ಸಲ್ಟಿಂಗ್ ಹೇಳಿತು: 2014ರಿಂದಲೇ ಯಾರೋ ಅವರ ಕಂಪ್ಯೂಟರಿನೊಳಗೆ ಕೂತಿದ್ದರು, ಅವರನ್ನು ಸಿಕ್ಕಿಸುವ ಕಡತಗಳನ್ನು ಅವರಿಗೇ ತಿಳಿಯದಂತೆ ತಂದು ತುರುಕಿದ್ದರು. ಎನ್‌ಐಎ ಈ ಸಂಸ್ಥೆಯ ವರದಿಗಳನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ, ಆ ಕಳ್ಳ ಯಾರೆಂದು ಹುಡುಕುವುದಕ್ಕೆ ಏನಡ್ಡಿ? ಒಂದು ಜೀವ ಹೋಗಿದೆ ಸ್ವಾಮಿ, ಕಡತವಲ್ಲ.

ಕಂಪನಿ, ಟ್ರಸ್ಟುಗಳ ಬೇಹುಗಾರಿಕೆಗೆ ಇಷ್ಟು ಗುಟ್ಟೂ ಬೇಕಾಗಿಲ್ಲ. ಹಗಲು ಹೊತ್ತಿನಲ್ಲೇ ಬಾಗಿಲು ತಟ್ಟುತ್ತಾರೆ. 2022ರಲ್ಲಿ ಬೆಂಗಳೂರಿನಲ್ಲಿ ಆದದ್ದು ಅದೇ. ಮತದಾರರ ಜಾಗೃತಿಗೆಂದು ಚಿಲುಮೆ ಎಂಬ ಟ್ರಸ್ಟಿಗೆ ಬಿಬಿಎಂಪಿ ಅನುಮತಿ ಕೊಟ್ಟಿತು. ಅದರ ಕೆಲಸಗಾರರು ಮತಗಟ್ಟೆ ಅಧಿಕಾರಿಗಳ (ಬಿಎಲ್‌ಒ) ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ, ಮತದಾರರ ಚೀಟಿ, ಆಧಾರ್, ಮಾತೃಭಾಷೆ ಎಲ್ಲ ಬರೆದುಕೊಂಡರು ಎಂಬ ದೂರು ಬಂತು. ಸರ್ಕಾರದ ಕಾರ್ಡು ಕಂಡರೆ ನಮ್ಮ ಜನ ಕೂರಿಸಿ ಕಾಫಿ ಕೊಟ್ಟು ಹೇಳುತ್ತಾರೆ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡರು. ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ನಾಳೆ ನಿಜವಾದ ಬಿಎಲ್‌ಒ ಮೇಡಂ ಬಂದರೆ ಬಾಗಿಲು ತೆಗೆಯುವವರು ಯಾರು? ಆ ನಷ್ಟವನ್ನು ಯಾರೂ ಅಮಾನತಿನಲ್ಲಿಡಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ. ಅದಕ್ಕೆ ಪ್ರತಿಫಲವಾಗಿ ಬಂದದ್ದು 2023ರ ಡಿಜಿಟಲ್ ದತ್ತಾಂಶ ಕಾಯ್ದೆ: ಸರ್ಕಾರ ತನಗೆ ಬೇಕಾದ ಇಲಾಖೆಗಳನ್ನು ಅಧಿಸೂಚನೆ ಹೊರಡಿಸಿ ಅದರಿಂದ ಹೊರಗಿಡಬಹುದು. ಜೊತೆಗೆ ಅದೇ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿ, ಅಧಿಕಾರಿಯ ವಿಷಯ ಕೇಳಿದರೆ ಅದು ವೈಯಕ್ತಿಕ ಎಂದು ಬಾಗಿಲು ಹಾಕುವ ದಾರಿ ಮಾಡಿಕೊಟ್ಟಿತು. ನಮ್ಮ ಹಕ್ಕನ್ನೇ ಎತ್ತಿ ನಮ್ಮ ತಲೆಗೆ ಬಡಿದಿದ್ದಾರೆ.

ದೆಹಲಿ ದೂರವಿದೆ, ಇರಲಿ. ಪೆಗಾಸಸ್ ಪಟ್ಟಿಯಲ್ಲಿ ಹೆಸರು ಕಂಡ ಪರಮೇಶ್ವರ್ ಅವರೇ 2023ರಲ್ಲಿ ನಮ್ಮ ಗೃಹ ಸಚಿವರಾದರು. ರಾಜ್ಯದ ಕದ್ದಾಲಿಕೆ ಆದೇಶಗಳಿಗೆ ಸಹಿ ಬೀಳುವುದು ಗೃಹ ಇಲಾಖೆಯಲ್ಲೇ. ಹೆಸರು ಬೇಡ, ವಿವರ ಬೇಡ. ತಿಂಗಳಿಗೆ ಎಷ್ಟು ಆದೇಶ ಹೊರಟವು, ಎಷ್ಟು ತಿರಸ್ಕೃತವಾದವು, ಈ ಎರಡು ಅಂಕಿಗಳನ್ನು ಇಲಾಖೆ ಪ್ರತಿ ವರ್ಷ ವಿಧಾನಸಭೆಯ ಮುಂದಿಡಲಿ.